ಬಿಲ್ಲೆ ಇಲ್ಲದವರಿಗೆ ಬೀದಿಯಿಲ್ಲ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಕೊಲ್ಲಾಪುರಮ್ಮನಿಗೆ ಹೆದರದವರು ಯಾರೂ ಇರಲಿಲ್ಲ. ಹೆದರುವಂಥದ್ದು ಅವಳಲ್ಲಿ ಏನಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ. ಆಳು ಕುಳ್ಳು, ಸಣಕಲು. ಎಡಗಣ್ಣಿಗೆ ಪೊರೆ ಬಂದಿತ್ತು. ಆದರೆ ಬಾಯಿ ಮಾತ್ರ ದೇವರು ಇಬ್ಬರಿಗೆ ಕೊಡಬೇಕಾದದ್ದನ್ನು ಒಬ್ಬಳಿಗೇ ಕೊಟ್ಟುಬಿಟ್ಟಿದ್ದ. ಗಂಡ ಸತ್ತ ಮೇಲೆ ತಮ್ಮ ಪೆದ್ದಣ್ಣನ ಮನೆಗೆ ಬಂದು ಸೇರಿದಳು. ತಮ್ಮನ ಹೆಂಡತಿ ಪ್ಲೇಗಿನಲ್ಲಿ ಹೋದಾಗ ಅವನ ಒಬ್ಬನೇ ಮಗ ಚೌಡೇಶನನ್ನು ತಾನೇ ಸಾಕಿದಳು. ಮನೆಯಲ್ಲಿ ಮಾತಾಡುತ್ತಿದ್ದದ್ದು ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ.

ಅವಳ ಕೆಲಸ ಬೀದಿಯಲ್ಲಿ ಹಾಸು ಚಾಚುವುದು. ಬೆಳಗಾಗುತ್ತಲೇ ಮಗ್ಗಕ್ಕೆ ಏರಬೇಕಾದ ರೇಷ್ಮೆ ಎಳೆಗಳನ್ನು ಬೀದಿಯ ಈ ತಲೆಯಿಂದ ಆ ತಲೆಗೆ ಎಳೆದು ಕಟ್ಟಿ, ಅಲ್ಲಲ್ಲಿ ಕವೆಗೋಲು ಕೊಟ್ಟು, ಅಕ್ಕಿಗಂಜಿ ಸವರಬೇಕು. ಸವರಿದ ಮೇಲೆ ಅದು ಒಣಗುವ ತನಕ ಕುಂಚ ಹಿಡಿದು ತೀಡುತ್ತಲೇ ಇರಬೇಕು. ನಡುವೆ ಕೈ ನಿಂತಿತೋ, ಎಳೆಗೆ ಎಳೆ ಅಂಟಿಕೊಂಡು ಹಾಸು ಹಾಳು. ನಾಲ್ಕಾರು ಮಂದಿ ಹೆಂಗಸರು ಗಂಡಸರು ಸಾಲಾಗಿ ನಿಂತು ತೀಡುವಾಗ ಎಲ್ಲರಿಗಿಂತ ಮುಂದೆ, ಬೀದಿಯ ಬಾಯಲ್ಲಿ, ಕೊಲ್ಲಾಪುರಮ್ಮ ನಿಲ್ಲುವಳು. ಅಷ್ಟು ಹೊತ್ತು ಬೀದಿ ಬಂದ್. ಗಾಡಿಯವರು ಎತ್ತು ತಿರುಗಿಸಿಕೊಂಡು ಸುತ್ತಿ ಹೋಗುತ್ತಿದ್ದರು. ಮಲಗಿದ ಮನುಷ್ಯರನ್ನು ದಾಟುವುದು ಎಷ್ಟು ತಪ್ಪೋ ಹಾಸನ್ನು ದಾಟುವುದೂ ಅಷ್ಟೇ ತಪ್ಪು ಎಂದು ಆ ಬೀದಿಯ ಮಕ್ಕಳಿಗೆ ಮಾತು ಬರುವ ಮೊದಲೇ ಗೊತ್ತಿರುತ್ತಿತ್ತು.

ಈಗ ಹೇಳಹೊರಟಿರುವ ಸಂಗತಿ ಶುರುವಾದದ್ದು ಪ್ಲೇಗು ಎರಡನೇ ಸಲ ಬಂದು ಹೋದ ಮರುವರ್ಷ. ಒಂದು ಮಧ್ಯಾಹ್ನ ಪಂಚೆ ಉಟ್ಟು ಹೆಗಲಿಗೆ ವಲ್ಲಿ ಹಾಕಿದ ಇಬ್ಬರು ಪೆದ್ದಣ್ಣನ ಮನೆಗೆ ಬಂದರು. "ಠಾಣೆಯಿಂದ ಬಂದೀವಿ. ಸಾಹೇಬರು ಕರೀತಾವ್ರೆ, ನಡಿ" ಎಂದರು. ಪೆದ್ದಣ್ಣ ಲಾಳಿ ಕೆಳಗಿಟ್ಟು ಎದ್ದು ಹೋದ. ಅಂದಿನ ರೀತಿಯೇ ಹಾಗೆ. ಸರ್ಕಾರ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಯಾರು, ಯಾಕೆ, ಎಲ್ಲಿಗೆ ಎಂದು ಕೇಳುವ ಜನ ಇರಲಿಲ್ಲ. ಕೇಳಿದವನನ್ನು ಜನವೇ ತಲೆಕೆಟ್ಟವನು ಎನ್ನುತ್ತಿದ್ದರು.

ಸಂಜೆಯಾದರೂ ಪೆದ್ದಣ್ಣ ಬರಲಿಲ್ಲ. ಕೊಲ್ಲಾಪುರಮ್ಮ ಠಾಣೆಗೆ ಹೋಗಿ ಕೇಳಿದರೆ, ನಾವು ಯಾರನ್ನೂ ಕಳಿಸಿಲ್ಲ, ಯಾರನ್ನೂ ಕರೆಸಿಲ್ಲ ಎಂದರು. ಎರಡು ದಿನ ಕಳೆದ ಮೇಲೆ ಬಿ.ಜಿ. ಕೆರೆ ಕಡೆಯ ಕುರಿಗಾಹಿಗಳು ಜಾಲಿಮರದ ಬುಡದಲ್ಲಿ ಬಿದ್ದಿದ್ದ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಬಲಗೈ ಮುರಿದಿತ್ತು. ಕಟ್ಟು ಹಾಕುವವರು ಮೂಳೆ ಕೂಡಿಸಿದರು, ಆದರೆ ಆ ಕೈ ಮತ್ತೆ ಲಾಳಿ ಎಸೆಯಲಿಲ್ಲ. ಹೊಡೆದವರು ಕಳ್ಳರೋ, ಯಾರದೋ ಹಗೆಗೆ ಬಂದವರೋ, ನಿಜವಾಗಿ ಪೊಲೀಸಿನವರೋ, ಇವತ್ತಿಗೂ ಯಾರಿಗೂ ತಿಳಿಯದು. ದೂರು ಕೊಡಲು ಹೋದಾಗ ಅಲ್ಲಿದ್ದವರು ಕೇಳಿದ ಪ್ರಶ್ನೆ ಒಂದೇ: "ಯಾರ ಮೇಲಮ್ಮ ದೂರು?"

ಕೊಲ್ಲಾಪುರಮ್ಮನ ಬಾಯಿ ಕಟ್ಟಿಹೋದದ್ದು ಜೀವಮಾನದಲ್ಲಿ ಆ ಒಂದು ಸಲ. ಯಾರ ಮೇಲೆ ಎಂದು ಹೇಳುವುದು? ಪಂಚೆಯ ಮೇಲೋ, ವಲ್ಲಿಯ ಮೇಲೋ? ಮನೆಗೆ ಬಂದು ಗೋಡೆಗೆ ಒರಗಿ ಕುಳಿತು ಅತ್ತಳು. ತಮ್ಮನ ಕೈಗಾಗಿ ಅತ್ತದ್ದಕ್ಕಿಂತ ಹೆಚ್ಚು ಆ ಪ್ರಶ್ನೆಗೆ ತನ್ನಲ್ಲಿ ಉತ್ತರ ಇಲ್ಲದೆ ಹೋಯಿತಲ್ಲ ಎಂದು ಅತ್ತಳು.

ಅಳು ಮುಗಿದ ಮೇಲೆ ಸಿಟ್ಟು ಬಂತು. ಅಮಲ್ದಾರರು ಊರಿಗೆ ಕ್ಯಾಂಪು ಬಂದಾಗ ಬೀದಿಯ ಹೆಂಗಸರನ್ನೆಲ್ಲ, ಜೊತೆಗೆ ಪೆದ್ದಣ್ಣನನ್ನೂ ಕಟ್ಟಿಕೊಂಡು ಹೋಗಿ ಬಂಗಲೆಯ ಮುಂದೆ ಕುಳಿತುಬಿಟ್ಟಳು. ಬೀದಿಯ ದೊಡ್ಡ ಯಜಮಾನ ಸೂರಪ್ಪ ಬೇಡವೆಂದು ತಡೆದಿದ್ದ. ಅವನಿಗೆ ಹತ್ತಾರು ಮಗ್ಗ, ಚಳ್ಳಕೆರೆ ಸಂತೆಯಿಂದ ಬಳ್ಳಾರಿಯವರೆಗೆ ವ್ಯಾಪಾರ. "ಸರ್ಕಾರದ ಜೊತೆ ನಮಗ್ಯಾಕೆ? ನೂಲಿನೋರು ನಾವು, ನೂಲಿನ ಹಂಗೇ ಇರಬೇಕು" ಎಂದಿದ್ದ. ಕೊಲ್ಲಾಪುರಮ್ಮ ಅವನಿಗೆ ಅಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ, ಅದೃಷ್ಟಕ್ಕೆ ಅದು ತೆಲುಗಿನಲ್ಲಿತ್ತು.

ಅಮಲ್ದಾರರು ಹೊರಗೆ ಬಂದು ಏನೆಂದು ಕೇಳಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಸ್ವಾಮೇರಾ, ಪೊಲೀಸ್ರು ಬರಬ್ಯಾಡ್ರಿ ಅಂತ ಹೇಳಾಕೆ ಬಂದಿಲ್ಲ. ಬರ್ಲಿ. ಕಳ್ಳರನ್ನ ಹಿಡೀಲಿ. ಆದ್ರೆ ಬಂದೋರು ಯಾರು ಅಂತ ನಮಗೆ ತಿಳೀಬೇಕು. ನಮ್ಮೂರಾಗೆ ಬಸವನಿಗೂ ಕೊಂಬಿಗೆ ಬಣ್ಣ ಹಚ್ಚಿರ್ತಾರೆ, ದೇವರದು ಅಂತ ಗೊತ್ತಾಗ್ಲಿ ಅಂತ. ಸರ್ಕಾರದೋನು ಅಂತ ಗೊತ್ತಾಗಾಕೆ ಏನೂ ಬ್ಯಾಡ್ವಾ?"

ಅಮಲ್ದಾರರು ನಕ್ಕರು. ಆಮೇಲೆ ಪೆದ್ದಣ್ಣನ ಕೈ ನೋಡಿದರು, ನಗು ನಿಂತಿತು. ಅವರು ಮೇಲಿನವರೊಡನೆ ಮಾತಾಡಿ, ಕಾಗದ ಓಡಾಡಿಸಿ, ಕೊನೆಗೆ ಊರಮಟ್ಟಿಗೆ ಒಂದು ಕಟ್ಟಳೆ ತಂದರು. ತಳವಾರ ಕ್ಯಾತಣ್ಣ ತಮಟೆ ಬಡಿದು ಪೇಟೆ, ಸಂತೆ, ಬೀದಿಬೀದಿಯಲ್ಲಿ ಸಾರಿದ: ಪೊಲೀಸ್ ಕೆಲಸದ ಮೇಲೆ ಬಂದವರು ರುಮಾಲು ಸುತ್ತಿ, ನಡುಪಟ್ಟಿ ಕಟ್ಟಿ, ಹಿತ್ತಾಳೆ ಬಿಲ್ಲೆ ಎದೆಗೆ ಕಾಣುವಂತೆ ಹಾಕಿರಬೇಕು, ಬೀದಿಯ ಬಾಯಲ್ಲಿ ಹೆಸರು ಹೇಳಬೇಕು, ಯಾರನ್ನಾದರೂ ಕರೆದೊಯ್ದರೆ ಎಲ್ಲಿಗೆ ಎಂದು ಮನೆಯವರಿಗೆ ತಿಳಿಸಬೇಕು. ಕೇಳುವವರು ಬಾಯಿ ಬಿಟ್ಟು ಕೇಳಿದರು. ಸರ್ಕಾರ ತನಗೆ ತಾನೇ ಕಟ್ಟಳೆ ಹಾಕಿಕೊಳ್ಳುವುದನ್ನು ಆ ಊರು ಹಿಂದೆ ಕಂಡಿರಲಿಲ್ಲ.

ಮೊದಮೊದಲು ನಡೆದ ಎಡವಟ್ಟನ್ನು ಹೇಳದಿದ್ದರೆ ಕಥೆಗೆ ಮೋಸವಾದೀತು. ಕಟ್ಟಳೆ ಬಂದ ಹುರುಪಿನಲ್ಲಿ ಬೀದಿಯವರು ಮನುಷ್ಯನ ಮುಖ ನೋಡುವುದನ್ನೇ ಬಿಟ್ಟು ಎದೆ ನೋಡಲು ಶುರುಮಾಡಿದರು. ಒಂದು ದಿನ ಹೊಳೆಯುವ ಬಿಲ್ಲೆ, ಕೆಂಪು ರುಮಾಲು, ಹುರಿ ಮೀಸೆಯ ದಫೇದಾರನೊಬ್ಬ ಠೀವಿಯಿಂದ ಬಂದ. ಕೊಲ್ಲಾಪುರಮ್ಮ ಹಾಸು ಎತ್ತಿಸಿ ದಾರಿ ಬಿಡಿಸಿದಳು. ಸೂರಪ್ಪ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟ. ಅದೇ ಹೊತ್ತಿಗೆ ಠಾಣೆಯ ಪೇದೆ ಪಾತಣ್ಣ ಬಂದ. ಬಿಲ್ಲೆಯ ಕೊಂಡಿ ಮುರಿದಿದ್ದರಿಂದ ಅದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ. ಅವನನ್ನು ಬಿಸಿಲಲ್ಲಿ ನಿಲ್ಲಿಸಿದರು. ಮಜ್ಜಿಗೆ ಕುಡಿದು ಮುಗಿಸಿದ ದಫೇದಾರ ಎದ್ದು ನಿಂತು, ಕಂಚಿನ ಕಂಠದಲ್ಲಿ ರಾಗ ತೆಗೆದು ಪದ ಹಾಡಿ, ರುಮಾಲು ಬಿಚ್ಚಿ ಒಡ್ಡಿ ಭಿಕ್ಷೆ ಕೇಳಿದ. ಹಗಲುವೇಷದವನು! ಬಿಲ್ಲೆ ಮರದ್ದು, ಮೇಲೆ ಅರಿಶಿನ, ಎಣ್ಣೆ ಬಳಿದದ್ದು.

ಬೀದಿ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಸೂರಪ್ಪನೊಬ್ಬನನ್ನು ಬಿಟ್ಟು. ಹೊರಗೆ ನಿಂತಿದ್ದ ಪಾತಣ್ಣನೂ ನಕ್ಕ. ಅವನು ಪಕ್ಕದ ನಾಯಕರ ಹಟ್ಟಿಯವನು, ಕೊಲ್ಲಾಪುರಮ್ಮನಿಗೆ ಚಿಕ್ಕಂದಿನಿಂದ ಗೊತ್ತಿದ್ದವನು. "ನನ್ನ ಗುರುತು ನಿಂಗಿಲ್ವೇನವ್ವಾ?" ಎಂದು ಕೇಳಿದ.

"ಪಾತಣ್ಣ ಅಂದ್ರೆ ನಂಗೊತ್ತಿಲ್ವೇನೋ? ಊಟಕ್ಕೆ ಬಾ, ಬಾಗಿಲು ತೆರೆದೈತೆ. ಪೊಲೀಸು ಅಂತ ಬಂದ್ರೆ ಬಿಲ್ಲೆ ಹಾಕ್ಕೊಂಡು ಬಾ" ಎಂದಳು. ಅಂದಿನಿಂದ ಬಿಲ್ಲೆಯನ್ನು ಕಣ್ಣಲ್ಲಿ ನೋಡಿದರೆ ಸಾಲದು, ಬೆರಳಿನಿಂದ ತಟ್ಟಿ ನೋಡಬೇಕು ಎಂದಾಯಿತು. ಪಾಪದ ಪೇದೆಗಳು ಬೀದಿಯ ಬಾಯಲ್ಲಿ ಎದೆಯೊಡ್ಡಿ ನಿಲ್ಲುವರು, ಕೊಲ್ಲಾಪುರಮ್ಮ ಗಂಜಿಯ ಕೈಯಲ್ಲೇ ಟಣ್ಣೆಂದು ತಟ್ಟುವಳು.

ಹೀಗೆ ಮೂರು ವರ್ಷ ನಡೆಯಿತು. ಆ ಮೂರು ವರ್ಷದಲ್ಲಿ ಚೌಡೇಶ ಮೀಸೆ ಮೂಡಿದ ಗಂಡಾಗಿ, ಅಪ್ಪನ ಮಗ್ಗಕ್ಕೆ ಇಳಿದು, ಅಂಚಿಗೂ ಒಡಲಿಗೂ ಬೇರೆ ಬೇರೆ ಲಾಳಿ ಆಡಿಸಿ ಎರಡನ್ನೂ ಕೊಂಡಿ ಹಾಕಿ ಬೆಸೆಯುವುದರಲ್ಲಿ ಅಪ್ಪನನ್ನು ಮೀರಿಸಿದ. ಪೆದ್ದಣ್ಣ ಮಗ್ಗದ ಪಕ್ಕ ಕುಳಿತು, ಕೈಲಾಗದ್ದನ್ನು ಬಾಯಲ್ಲಿ ಹೇಳಿಕೊಡುತ್ತಿದ್ದ. ಅವನು ಬೀದಿಗೆ ಬರುವುದನ್ನೇ ಬಿಟ್ಟಿದ್ದ. ಹೊಸಬರ ದನಿ ಕೇಳಿದರೆ ಒಳಕೋಣೆಗೆ ಹೋಗಿ ಕೂರುತ್ತಿದ್ದ.

ಆಗ ಚಳ್ಳಕೆರೆಯ ಸಾಹುಕಾರರೊಬ್ಬರ ಮನೆಯಲ್ಲಿ ಬೆಳ್ಳಿ ಸಾಮಾನು ಕಳುವಾಯಿತು. ಅದೇ ವಾರ ಚೌಡೇಶ ಸೀರೆ ಮುಟ್ಟಿಸಲು ಚಳ್ಳಕೆರೆಗೆ ಹೋಗಿ, ಆ ಮನೆಯ ಪಕ್ಕದ ಛತ್ರದಲ್ಲೇ ತಂಗಿದ್ದ. ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಮುರುಗೇಂದ್ರಪ್ಪನವರ ಕಿವಿಗೆ ಈ ಸುದ್ದಿ ಮುಟ್ಟಿತು. ಚುರುಕಿನ ಮನುಷ್ಯ, ಕೆಟ್ಟವರಲ್ಲ. ಪೊಲೀಸರು ಬರುವುದು ಕಂಡರೆ ಹುಡುಗ ಓಡಿಹೋದಾನು ಎಂದು ಲೆಕ್ಕ ಹಾಕಿ, ತಾವೂ ಪಂಚೆ ಉಟ್ಟು, ಇಬ್ಬರು ಪೇದೆಗಳಿಗೂ ಪಂಚೆ ಉಡಿಸಿ, ಬೆಳಬೆಳಗ್ಗೆಯೇ ಹೊರಟರು. ಆ ಇಬ್ಬರಲ್ಲಿ ಒಬ್ಬ ಪಾತಣ್ಣ.

ಅವರು ಬರುವ ಹೊತ್ತಿಗೆ ಬೀದಿಯಲ್ಲಿ ಸೂರಪ್ಪನ ಹಾಸು ಚಾಚಿತ್ತು. ಯಾವುದೋ ದೊಡ್ಡ ಮನೆಯ ಮದುವೆಗೆಂದು ತರಿಸಿದ ಒಳ್ಳೆಯ ರೇಷ್ಮೆ. ಆಗತಾನೆ ಗಂಜಿ ಸವರಿ ತೀಡಲು ಶುರುಮಾಡಿದ್ದರು. ಮುರುಗೇಂದ್ರಪ್ಪನವರು ಊರಿಗೆ ಹೊಸಬರು, ಹಗ್ಗ ಕಟ್ಟಿದ್ದಾರೆ ಎಂದುಕೊಂಡು ದಾಟಲು ಕಾಲೆತ್ತಿದರು. ಬೀದಿಯುದ್ದಕ್ಕೂ ಹೆಂಗಸರು ಹಾ ಎಂದು ಕೂಗಿಕೊಂಡರು. ಎತ್ತಿದ ಕಾಲು ಹಾಗೇ ನಿಂತಿತು.

"ಯಾರಪ್ಪಾ ನೀವು? ಯಾರು ಬೇಕಾಗಿತ್ತು?" ಎಂದು ಕೊಲ್ಲಾಪುರಮ್ಮ ಕೇಳಿದಳು.

"ಪೊಲೀಸು. ಪೆದ್ದಣ್ಣನ ಮಗ ಚೌಡೇಶ ಬೇಕು. ದಾರಿ ಬಿಡು."

ಕೊಲ್ಲಾಪುರಮ್ಮನ ಕೈಯ ಕುಂಚ ನಿಂತಿತು. ಅದೇ ಪಂಚೆ, ಅದೇ ಸರ್ಕಾರದ ಹೆಸರು, ಅದೇ ಮನೆ. ಹೆದರಿಕೆ ಆಯಿತು, ಸುಳ್ಳೇಕೆ ಹೇಳಬೇಕು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು.

"ಬಿಲ್ಲೆ ಎಲ್ಲೈತ್ರಿ?"

"ನಾನು ಇನ್ಸ್‌ಪೆಕ್ಟರು! ಇವನನ್ನ ಕೇಳು. ನಿಮ್ಮ ಊರಿನವನೇ ಅಲ್ಲವೇ?" ಎಂದು ಅವರು ಪಾತಣ್ಣನನ್ನು ಮುಂದಕ್ಕೆ ತಳ್ಳಿದರು.

ಪಾತಣ್ಣ ನೆಲ ನೋಡಿದ. ಕೊಲ್ಲಾಪುರಮ್ಮ ಅವನ ಮುಖವನ್ನೇ ನೋಡಿದಳು. "ಪಾತಣ್ಣ ಒಳಗೆ ಬರ್ಲಿ, ರೊಟ್ಟಿ ಕೊಡ್ತೀನಿ. ಪೊಲೀಸು ಮಾತ್ರ ಬಿಲ್ಲೆ ಹಾಕ್ಕೊಂಡೇ ಬರಬೇಕು. ಕಟ್ಟಳೆ ನಾನು ಮಾಡಿದ್ದಲ್ಲ ಸ್ವಾಮಿ, ನಿಮ್ಮ ಸರ್ಕಾರದ್ದೇ."

"ಸರ್ಕಾರಿ ಕೆಲಸಕ್ಕೆ ಅಡ್ಡ ನಿಂತರೆ ಏನಾಗುತ್ತೆ ಗೊತ್ತಾ? ನಿನ್ನನ್ನೂ ಒಳಗೆ ಹಾಕ್ತೀನಿ."

"ಹಾಕ್ರಿ, ಬರ್ತೀನಿ. ಬಿಲ್ಲೆ ಹಾಕ್ಕೊಂಡು ಬಂದು ಹಿಡ್ಕೊಂಡು ಹೋಗ್ರಿ."

ಸಾಲಿನಲ್ಲಿ ತೀಡುತ್ತಿದ್ದವರು ಕುಂಚ ಬಿಟ್ಟು ಅವಳ ಹಿಂದೆ ಬಂದು ನಿಂತಿದ್ದರು. ಬಿಸಿಲು ಏರುತ್ತಿತ್ತು. ಗಂಜಿ ಆರುತ್ತಿತ್ತು. ಕೊಲ್ಲಾಪುರಮ್ಮನ ಕಣ್ಣು ಒಮ್ಮೆ ಹಾಸಿನ ಕಡೆ ಹೊರಳಿತು. ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳತೊಡಗಿದ್ದವು. ತನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಹಾಸೂ ಕೆಟ್ಟಿರಲಿಲ್ಲ. ಅದೂ ಕೆಡುವುದು ಸೂರಪ್ಪನದೇ! ಆ ಮನುಷ್ಯ ಜಗಲಿಯಿಂದ ಇಳಿದು ಬರುತ್ತಿದ್ದ. ಮುಗಿಯಿತು ಎಂದುಕೊಂಡಳು. ಇವನು ಬಂದವನೇ ಕೈಮುಗಿದು, ಬನ್ನಿ ಸ್ವಾಮಿ ಎಂದು ಹಾಸು ಎತ್ತಿಸಿಬಿಡುತ್ತಾನೆ. ಒಬ್ಬರು ಹಾಗೇ ಒಳಗೆ ಹೋದರೆ ನಾಳೆ ಯಾರು ಬೇಕಾದರೂ ಹೋದಾರು.

ಸೂರಪ್ಪ ಹಾಸನ್ನು ಬೆರಳಲ್ಲಿ ಮುಟ್ಟಿ ನೋಡಿದ. ಮುಖ ಸಣ್ಣದಾಯಿತು. ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿದ. ಕೈಮುಗಿದದ್ದು ನಿಜ, ಆ ಅಭ್ಯಾಸ ಎಲ್ಲಿ ಹೋದೀತು.

"ಸ್ವಾಮಿ, ಈ ಹಾಸು ನಂದು. ಹೋಯ್ತು, ಹೋಗ್ಲಿ, ಇನ್ನೊಂದು ಹಾಕಿಸ್ತೀನಿ. ಆಯಮ್ಮ ಕೇಳ್ತಿರೋದು ನ್ಯಾಯ ಐತೆ. ನೀವು ಬಿಲ್ಲೆ ಹಾಕ್ಕೊಂಡು ಬರ್ರಿ. ಹುಡುಗ ಎಲ್ಲಿಗೂ ಹೋಗಲ್ಲ. ಅವನು ಓಡಿಹೋದ್ರೆ ಅವನ ಬದಲು ನಾನು ಬರ್ತೀನಿ."

ಕೊಲ್ಲಾಪುರಮ್ಮ ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯದೆ ಅವನನ್ನೇ ನೋಡುತ್ತ ನಿಂತಳು. ಆಗ ಮಾತಾಡಿದವನು ಪಾತಣ್ಣ. ನೌಕರಿಯ ಆಸೆ ಬಿಟ್ಟವನ ಹಾಗೆ, ಆದರೆ ಮೆಲ್ಲಗೆ ಹೇಳಿದ.

"ಸಾಹೇಬ್ರೇ, ಕಟ್ಟಳೆ ಖರೇನೇ ಐತ್ರಿ. ತಮಟೆ ಹೊಡೆದು ಸಾರಿದ್ದು. ನಾನು ಹೋಗಿ ಡ್ರೆಸ್ ಹಾಕ್ಕೊಂಡು ಬರ್ತೀನ್ರಿ." ಅಪ್ಪಣೆಗೂ ಕಾಯದೆ ತಿರುಗಿ ನಡೆದೇಬಿಟ್ಟ. ಅವನ ಹಿಂದೆ ಇನ್ನೊಬ್ಬ ಪೇದೆಯೂ ಹೋದ.

ಮುರುಗೇಂದ್ರಪ್ಪನವರು ಒಬ್ಬರೇ ಉಳಿದರು. ಪಂಚೆ ಉಟ್ಟ ಒಬ್ಬ ಮನುಷ್ಯ, ಸುತ್ತ ನೂರು ಜನ, ತಾನು ಯಾರೆಂದು ಹೇಳುವುದಕ್ಕೆ ಮೈಮೇಲೆ ಒಂದು ಗುರುತೂ ಇಲ್ಲ. ಪಂಚೆಯ ಇನ್ಸ್‌ಪೆಕ್ಟರಿಗೂ ಪಂಚೆಯ ಕಳ್ಳನಿಗೂ ಏನು ವ್ಯತ್ಯಾಸ ಎನ್ನುವುದು ಅವರಿಗೆ ಆಗ ಹೊಳೆದಿರಬೇಕು. ಬೈಯಲಿಲ್ಲ. "ಈ ಕಟ್ಟಳೆ ಬಂದದ್ದಾದರೂ ಯಾಕೆ?" ಎಂದು ಕೇಳಿದರು. ಸೂರಪ್ಪ ಪೆದ್ದಣ್ಣನ ಕೈಯ ಕಥೆ ಹೇಳಿದ. ಕೇಳಿಕೊಂಡು ತಾವೂ ಠಾಣೆಯ ಕಡೆ ನಡೆದರು.

ಅವರು ಮೂವರೂ ತಿರುಗಿ ಬಂದಾಗ ಹೊತ್ತು ನೆತ್ತಿಗೇರಿತ್ತು. ಕೋಟು, ನಡುಪಟ್ಟಿ, ರುಮಾಲು, ಎದೆಯ ಮೇಲೆ ಬಿಲ್ಲೆ. ಹಾಸಿನ ತುದಿಯಲ್ಲಿ ನಿಂತು, "ಇನ್ಸ್‌ಪೆಕ್ಟರ್ ಮುರುಗೇಂದ್ರಪ್ಪ" ಎಂದು ದೊಡ್ಡ ದನಿಯಲ್ಲಿ ಹೇಳಿದರು. ಪಾತಣ್ಣನೂ ಹೇಳಿದ, ಮೂರನೆಯವನೂ ಹೇಳಿದ. ಎಲ್ಲರ ಕಣ್ಣೂ ಕೊಲ್ಲಾಪುರಮ್ಮನ ಬೆರಳ ಮೇಲಿತ್ತು. ಇನ್ಸ್‌ಪೆಕ್ಟರ ಎದೆಯನ್ನೂ ತಟ್ಟುತ್ತಾಳೆಯೇ? ತಟ್ಟಿದಳು. ಮೆಲ್ಲಗೆ, ಮರ್ಯಾದೆಯಿಂದ, ಆದರೆ ತಟ್ಟಿದಳು.

"ಹಾಸು ಎತ್ರೇ" ಎಂದಳು. ಕವೆಗೋಲುಗಳ ಮೇಲೆ ಹಾಸು ಏರಿತು, ಮೂವರೂ ತಲೆ ಬಗ್ಗಿಸಿ ಅದರ ಕೆಳಗೆ ದಾಟಿ ಬಂದರು. ಅವಳೇ ಮನೆಯೊಳಗೆ ಹೋದಳು. ಪೆದ್ದಣ್ಣ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ. "ವದ್ದಕ್ಕಾ, ಬೇಡಕ್ಕಾ, ಕಳಿಸಬ್ಯಾಡ" ಎಂದು ತೆಲುಗು ಕನ್ನಡ ಎರಡರಲ್ಲೂ ಮಗುವಿನ ಹಾಗೆ ಅತ್ತ. ಕೊಲ್ಲಾಪುರಮ್ಮ ಸೆರಗಿನಿಂದ ಅವನ ಕಣ್ಣೊರೆಸಿದಳು. ಆದರೂ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಆವತ್ತು ಯಾರು ಕರ್ಕೊಂಡು ಹೋದ್ರು ಅಂತ ನಮಗೆ ಗೊತ್ತಿರ್ಲಿಲ್ಲ ಪೆದ್ದಣ್ಣಾ. ಇವತ್ತು ಇಡೀ ಬೀದಿಗೆ ಗೊತ್ತೈತೆ. ಕಳಿಸದೆ ಇದ್ರೆ ಕಟ್ಟಳೆ ಮುರಿದೋರು ನಾವಾಗ್ತೀವಿ."

ಚೌಡೇಶನ ಕೈ ಹಿಡಿದು ಹೊರಗೆ ತಂದು ಪಾತಣ್ಣನ ಕೈಗೆ ಕೊಟ್ಟಳು. "ನಿನ್ನ ಕೈಗೆ ಕೊಟ್ಟೀನಿ, ನಿನ್ನ ಹೆಸರು ಹಿಡಿದು ಕೇಳ್ತೀನಿ" ಎಂದಳು. ಇನ್ಸ್‌ಪೆಕ್ಟರು ತಾವಾಗಿಯೇ ಹೇಳಿದರು, ಹುಡುಗ ಠಾಣೆಯಲ್ಲಿ ಇರುತ್ತಾನೆ, ಬೇಕಾದವರು ಬಂದು ನೋಡಬಹುದು ಎಂದು.

ನೋಡಲು ಯಾರು ಹೋಗಲಿಲ್ಲ ಎಂದು ಕೇಳಬೇಕು. ಮೊದಲು ರೊಟ್ಟಿ ಬುತ್ತಿ ಹೋಯಿತು, ಆಮೇಲೆ ಸೂರಪ್ಪ ಹೋದ, ಆಮೇಲೆ ಹೆಂಗಸರು ಗುಂಪು ಕಟ್ಟಿಕೊಂಡು ಹೋದರು. ಕೊಲ್ಲಾಪುರಮ್ಮ ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಂಡು ಕುಳಿತುಬಿಟ್ಟಳು. ಪಾತಣ್ಣ ಹೊರಗೆ ಬಂದಾಗಲೆಲ್ಲ "ಹೆಂಗವ್ನೆ?" ಎಂದು ಕೇಳುವಳು. "ಚೆನ್ನಾಗವ್ನೆ ಅವ್ವಾ, ನಿನ್ನ ರೊಟ್ಟಿ ಗಟ್ಟಿ ಅಂತಾನೆ" ಎನ್ನುವನು. ಛತ್ರದವರನ್ನು ಕರೆಸಿ ವಿಚಾರಿಸಿದಾಗ ಕಳುವಾದ ದಿನಕ್ಕೆ ಮೊದಲೇ ಚೌಡೇಶ ಚಳ್ಳಕೆರೆ ಬಿಟ್ಟಿದ್ದನೆಂದು ತಿಳಿಯಿತು. ಮರುದಿನ ಮಧ್ಯಾಹ್ನ ಮುರುಗೇಂದ್ರಪ್ಪನವರೇ ಠಾಣೆಯ ಬಾಗಿಲ ತನಕ ಬಂದು ಅವನನ್ನು ಬಿಟ್ಟರು.

"ನಿಮ್ಮ ಬೀದಿಗೆ ಬರೋದಕ್ಕೆ ಹೆದರಿಕೆ ಆಗುತ್ತಮ್ಮ" ಎಂದರು ನಗುತ್ತ.

"ಬಿಲ್ಲೆ ಇದ್ದೋರಿಗೆ ಹೆದರಿಕೆ ಯಾಕ್ರಿ?" ಎಂದಳು ಕೊಲ್ಲಾಪುರಮ್ಮ, ಅವರು ಸಾಹೇಬರು ಎನ್ನುವುದನ್ನು ಮರೆತು.

ಚೌಡೇಶ ಬೀದಿಗೆ ಬಂದಾಗ ಯಾರೂ ಹಾರ ಹಾಕಲಿಲ್ಲ, ಆರತಿ ಎತ್ತಲಿಲ್ಲ. ಎಲ್ಲರೂ ಬಾಗಿಲಿಗೆ ಬಂದು ನಿಂತು ಅವನು ನಡೆದು ಹೋಗುವುದನ್ನು ನೋಡಿದರು, ಅಷ್ಟೇ. ಅವರ ಮುಖ ನೋಡಿದ್ದರೆ ಇಡೀ ಬೀದಿಯೇ ಏನನ್ನೋ ಗೆದ್ದುಕೊಂಡು ಬಂದಿದೆ ಎನ್ನಬಹುದಾಗಿತ್ತು. ಗೆದ್ದದ್ದೂ ನಿಜವೇ. ಕೊಲ್ಲಾಪುರಮ್ಮ ಅವನ ಹಿಂದೆ ಬರುತ್ತಿದ್ದಳು, ತಲೆ ಎಂದಿಗಿಂತ ಒಂದು ಗೇಣು ಎತ್ತರದಲ್ಲಿತ್ತು. ಆ ಕುಳ್ಳು ಮೈಗೆ ಅಷ್ಟು ಎತ್ತರ ಎಲ್ಲಿಂದ ಬಂತೋ!

ಚೌಡೇಶ ಮನೆಗೆ ಹೋದವನೇ ಮುಖ ತೊಳೆದು, ಉಣ್ಣು ಎಂದರೂ ಕೇಳದೆ, ಮಗ್ಗದ ಗುಂಡಿಗೆ ಇಳಿದ. ಅತ್ತೆ ಬೈದಳು. ಸೀರೆ ಅರ್ಧಕ್ಕೆ ನಿಂತಿದೆ ಅತ್ತೆ ಎಂದ. ಲಾಳಿ ಆಡತೊಡಗಿತು.

ಸಂಜೆ ನೀರು ಹೊತ್ತು ಬರುತ್ತಿದ್ದವರು ಒಂದು ವಿಚಿತ್ರ ಕಂಡರು. ಮೂರು ವರ್ಷದಿಂದ ಹೊಸ್ತಿಲು ದಾಟದಿದ್ದ ಪೆದ್ದಣ್ಣ ಜಗಲಿಯ ಮೇಲೆ ಬಂದು ಕುಳಿತಿದ್ದ. ದಾರಿಯಲ್ಲಿ ಹೋಗುವವರನ್ನು, ಗುರುತಿದ್ದವರನ್ನು, ಇಲ್ಲದವರನ್ನು, ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದ: "ಕೇಳಿಸ್ತೈತಾ? ಒಳಗೆ ಮಗ್ಗದ ಸದ್ದು ಕೇಳಿಸ್ತೈತಾ? ನನ್ನ ಮಗ, ಠಾಣೆಗೆ ಹೋಗಿ ಬಂದೋನು, ನೇಯ್ತಾವ್ನೆ."